ಸೋತವರೂ ಗೆದ್ದವರೂ ಕೂಡಿ ಕಟ್ಟಿದ ಉದ್ಯಾನ

1888ರ ಬೇಸಿಗೆಯ ಒಂದು ಭಾನುವಾರ ಬೆಳಿಗ್ಗೆ, ಅಮೆರಿಕದ ಜಾರ್ಜಿಯಾ ರಾಜ್ಯದ ವಾಯವ್ಯ ಅಂಚಿನಲ್ಲಿ, ಚಿಕಮಾಗಾ ಹೊಳೆಯ ಪಡುವಣ ಕಾಡಿನಲ್ಲಿ ಇಬ್ಬರು ಹಳೆಯ ಸೇನಾನಿಗಳು ತಿರುಗಾಡುತ್ತಿದ್ದರು. ಹಿರಿಯನ ಹೆಸರು ಫರ್ಡಿನೆಂಡ್ ವ್ಯಾನ್ ಡರ್ವಿಯರ್. ಓಹಾಯೋ ರಾಜ್ಯದ 35ನೆಯ ಪದಾತಿ ರೆಜಿಮೆಂಟನ್ನು ಕಟ್ಟಿ, ಮುಂದೆ ಒಂದು ಬ್ರಿಗೇಡನ್ನೇ ನಡೆಸಿದವನು. ಕಿರಿಯನು ಹೆನ್ರಿ ವ್ಯಾನ್ ನೆಸ್ ಬಾಯ್ಂಟನ್. ಅದೇ ರೆಜಿಮೆಂಟಿನ ಲೆಫ್ಟಿನೆಂಟ್ ಕರ್ನಲ್ ಆಗಿದ್ದವನು. ಯುದ್ಧ ಮುಗಿದ ಮೇಲೆ ಕತ್ತಿ ಕೆಳಗಿಟ್ಟು ಲೇಖನಿ ಹಿಡಿದು, ರಾಜಧಾನಿ ವಾಷಿಂಗ್ಟನ್ನಿನಿಂದ ಸಿನ್ಸಿನಾಟಿಯ ‘ಕಮರ್ಷಿಯಲ್ ಗೆಜೆಟ್’ ಪತ್ರಿಕೆಗೆ ಸುದ್ದಿ ಬರೆಯುತ್ತಿದ್ದವನು. ಹತ್ತಿರದ ಒಂದು ಇಗರ್ಜಿಯಿಂದ ಆ ಹೊತ್ತಿಗೆ ಭಜನೆಯ ದನಿ ಕೇಳಿಬಂತು. ಕಾಲು ಶತಮಾನದ ಹಿಂದೆ, ಇದೇ ಮರಗಳ ನಡುವೆ, ಅಂದೂ ಭಾನುವಾರವೇ, ಇವರ ಕಿವಿ ತುಂಬಿದ್ದದ್ದು ತೋಪು ಕೋವಿಗಳ ಮೊರೆತ ಮತ್ತು ಬಿದ್ದವರ ನರಳಾಟ. ಪೂರ್ವ ಸೀಮೆಯ ಗೆಟಿಸ್‌ಬರ್ಗ್ ರಣಭೂಮಿಗೆ ಒದಗಿದ ಮಾನ ಈ ನೆಲಕ್ಕೂ ಏಕೆ ಒದಗಬಾರದು ಎಂಬ ಪ್ರಶ್ನೆ ಬಾಯ್ಂಟನ್ನನಲ್ಲಿ ಹುಟ್ಟಿದ್ದು ಆ ಘಳಿಗೆಯಲ್ಲಿ ಎಂದು ಹೇಳುತ್ತಾರೆ.

ಆ ನೆಲದಲ್ಲಿ ನಡೆದದ್ದು ಸಾಮಾನ್ಯ ಕದನವಲ್ಲ. ಅಮೆರಿಕದ ಅಂತರ್ಯುದ್ಧ ಮೂರನೆಯ ವರ್ಷಕ್ಕೆ ಕಾಲಿಟ್ಟಿತ್ತು. ದಕ್ಷಿಣದ ಹನ್ನೊಂದು ರಾಜ್ಯಗಳು ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಒಕ್ಕೂಟವನ್ನು ಬಿಟ್ಟುಹೋಗಿದ್ದವು. ಒಕ್ಕೂಟವನ್ನು ಮುರಿಯಗೊಡೆನೆಂದು ಉತ್ತರವು ಹಟ ಹಿಡಿದಿತ್ತು. ಟೆನಸಿ ನದಿಯ ತಿರುವಿನಲ್ಲಿ, ಬೆಟ್ಟಗಳ ಸಂದಿನಲ್ಲಿ ಕುಳಿತ ಚಾಟನೂಗಾ ಪಟ್ಟಣವು ರೈಲುದಾರಿಗಳ ಕೂಡುನೆಲೆ. ಅದು ಯಾರ ಕೈಯಲ್ಲಿದೆಯೋ ಅವರಿಗೆ ದಕ್ಷಿಣದ ಒಡಲಿನ ಬಾಗಿಲು ತೆರೆದಂತೆ. ಉತ್ತರದ ಸೇನಾಪತಿ ವಿಲಿಯಂ ರೋಸ್‌ಕ್ರಾನ್ಸ್ 1863ರ ಸೆಪ್ಟೆಂಬರ್ ಮೊದಲಲ್ಲಿ ಅದನ್ನು ಹೆಚ್ಚು ರಕ್ತ ಚೆಲ್ಲದೆ ಹಿಡಿದ. ದಕ್ಷಿಣದ ಬ್ರಾಕ್ಸ್‌ಟನ್ ಬ್ರಾಗ್ ಹಿಂದೆ ಸರಿದವನಂತೆ ತೋರಿಸಿ, ವರ್ಜೀನಿಯಾದಿಂದ ರೈಲಿನಲ್ಲಿ ಬರುತ್ತಿದ್ದ ಜೇಮ್ಸ್ ಲಾಂಗ್‌ಸ್ಟ್ರೀಟನ ಪಡೆಗಳನ್ನು ಕಾದು ತಿರುಗಿ ಬಿದ್ದ. ಸೆಪ್ಟೆಂಬರ್ 19 ಮತ್ತು 20ರಂದು ಹೊಳೆಯ ಬದಿಯ ಕಾಡಿನಲ್ಲಿ ಲಕ್ಷಕ್ಕೂ ಮೀರಿದ ಜನ ಒಬ್ಬರನ್ನೊಬ್ಬರು ಸರಿಯಾಗಿ ಕಾಣಲಾರದೆ ಹೊಡೆದಾಡಿದರು. ಮರಗಳ ನಡುವೆ ಸಾಲು ಕೆಟ್ಟಿತು, ದಿಕ್ಕು ತಪ್ಪಿತು. ಹೊಗೆಯಲ್ಲಿ ತನ್ನವರಾರು, ಹಗೆಗಳಾರು ಎಂಬುದು ತಿಳಿಯದಾಯಿತು.

ಎರಡನೆಯ ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಆದ ಒಂದು ತಪ್ಪು ಆ ಯುದ್ಧದ ಗತಿಯನ್ನೇ ತಿರುಗಿಸಿತು. ಉತ್ತರದ ಎಡಪಾರ್ಶ್ವವನ್ನು ಕಾಯುತ್ತಿದ್ದ ಜಾರ್ಜ್ ಥಾಮಸನ ಆಪ್ತಾಧಿಕಾರಿ, ಸ್ಯಾನ್‌ಫರ್ಡ್ ಕೆಲಾಗ್ ಎಂಬ ತರುಣ ಕ್ಯಾಪ್ಟನ್, ಕುದುರೆಯೇರಿ ಸಾಲಿನ ಹಿಂದೆ ಹಾದುಹೋಗುವಾಗ ಒಂದೆಡೆ ಸೈನ್ಯವೇ ಇಲ್ಲದಂತೆ ಕಂಡಿತು. ಅಲ್ಲಿರಬೇಕಾದ ಬ್ರಾನನ್ನನ ಡಿವಿಜನ್ನು ಅಲ್ಲೇ ಇತ್ತು, ಕಾಡಿನ ಮರೆಯಲ್ಲಿ ತುಸು ಹಿಂದಕ್ಕೆ ಸರಿದು ನಿಂತಿತ್ತು. ಕೆಲಾಗ್ ಹೋಗಿ ರೋಸ್‌ಕ್ರಾನ್ಸನಿಗೆ ಸಾಲಿನಲ್ಲಿ ಬಿರುಕಿದೆ ಎಂದ. ನಿದ್ದೆಗೆಟ್ಟು ದಣಿದಿದ್ದ ಸೇನಾಪತಿ, ಪಕ್ಕದ ಥಾಮಸ್ ವುಡ್ ತನ್ನ ಡಿವಿಜನ್ನನ್ನು ಎತ್ತಿ ಆ ಬಿರುಕನ್ನು ಮುಚ್ಚಲಿ ಎಂದು ಆಜ್ಞೆ ಬರೆಸಿದ. ವುಡ್ ತನ್ನ ಜಾಗ ಬಿಟ್ಟು ಕದಲಿದ. ಇಲ್ಲದ ಬಿರುಕನ್ನು ಮುಚ್ಚಹೋಗಿ ನಿಜವಾದ ಬಿರುಕು ಬಿತ್ತು. ಬ್ರದರ್ಟನ್ ಎಂಬ ರೈತನ ಹೊಲದೆದುರಿನ ಆ ಜಾಗಕ್ಕೇ ಆ ಗಳಿಗೆಯಲ್ಲೇ ಲಾಂಗ್‌ಸ್ಟ್ರೀಟ್ ಕಟ್ಟಿನಿಲ್ಲಿಸಿದ್ದ ಪಡೆಗಳು ಪ್ರವಾಹದಂತೆ ನುಗ್ಗಿದವು. ಉತ್ತರದ ಬಲಪಾರ್ಶ್ವ ಚದುರಿ ಓಡಿತು. ಸೇನಾಪತಿಯೂ ಇಬ್ಬರು ದಳಪತಿಗಳೂ ಆ ನೂಕಿನಲ್ಲಿ ಚಾಟನೂಗಾ ಸೇರಿದರು. ಥಾಮಸ್ ಮಾತ್ರ ಉಳಿದವರನ್ನು ಸ್ನಾಡ್‌ಗ್ರಾಸ್ ಗುಡ್ಡದ ಮೇಲೆ ಒಟ್ಟುಗೂಡಿಸಿ ಸಂಜೆಯವರೆಗೆ ನಿಂತ. ಚಿಕಮಾಗಾದ ಬಂಡೆ ಎಂಬ ಬಿರುದು ಅವನಿಗೆ ಸಂದದ್ದು ಆ ಸಂಜೆಯಿಂದ. ಅವನ ಕೈಕೆಳಗೆ ಆ ಗುಡ್ಡದ ಏಣಿನಲ್ಲಿ ಮದ್ದುಗುಂಡು ತೀರಿ ಕೋವಿಯ ಮೊನೆಯಿಂದ ಕಾದವರಲ್ಲಿ ವ್ಯಾನ್ ಡರ್ವಿಯರನೂ ಬಾಯ್ಂಟನ್ನನೂ ಇದ್ದರು. ಕಾಣೆಯಾಗಿದೆಯೆಂದು ಕೆಲಾಗ್ ವರದಿ ಮಾಡಿದ್ದ ಡಿವಿಜನ್ನು ಇವರದೇ.

ಎರಡು ದಿನಕ್ಕೆ ಎರಡೂ ಕಡೆ ಸತ್ತವರು ಸುಮಾರು 4,000. ಗಾಯಗೊಂಡವರು, ಸೆರೆಸಿಕ್ಕವರು, ಪತ್ತೆಯಿಲ್ಲದವರು ಸೇರಿ ಒಟ್ಟು ನಷ್ಟ ಸುಮಾರು 34,000. ಇಡೀ ಯುದ್ಧದಲ್ಲಿ ಇದನ್ನು ಮೀರಿದ್ದು ಗೆಟಿಸ್‌ಬರ್ಗ್ ಒಂದೇ. ಕಾಳಗ ದಕ್ಷಿಣಕ್ಕೆ ದಕ್ಕಿತು, ಫಲ ದಕ್ಕಲಿಲ್ಲ. ಎರಡೇ ತಿಂಗಳಲ್ಲಿ ಉತ್ತರದ ಸೇನಾಪತಿ ಗ್ರಾಂಟ್ ಬಂದು, ಬ್ರಾಗ್ ಚಾಟನೂಗಾಕ್ಕೆ ಹಾಕಿದ್ದ ಮುತ್ತಿಗೆ ಬಿಡಿಸಿ, ನವೆಂಬರ್ 25ರಂದು ಮಿಷನರಿ ರಿಜ್ ಎಂಬ ದಿಣ್ಣೆಯ ಮೇಲಿಂದ ಬ್ರಾಗನನ್ನು ಉರುಳಿಸಿದ. ಆ ದಿಣ್ಣೆ ಹತ್ತುವಾಗ ಬಾಯ್ಂಟನ್ ಗಾಯಗೊಂಡ. ಅಂದು ತೋರಿದ ಧೈರ್ಯಕ್ಕೆ ದೇಶದ ಅತ್ಯುನ್ನತ ಪದಕ ಅವನ ಕೈ ಸೇರಿದ್ದು ಮೂವತ್ತು ವರ್ಷದ ಮೇಲೆ.

ಯುದ್ಧ ಸಾಗಿಹೋಯಿತು, ರೈತರು ಹಿಂದಿರುಗಿದರು. ಬ್ರದರ್ಟನ್, ಕೆಲ್ಲಿ, ಸ್ನಾಡ್‌ಗ್ರಾಸ್, ಪೋ, ಡೈಯರ್, ವಿನಿಯರ್ಡ್ ಮನೆತನಗಳು ಗುಂಡುಗಳನ್ನು ಆಯ್ದು ಹಾಕಿ ಮತ್ತೆ ಉತ್ತವು. ಈ ಮನೆತನಗಳಿಗೂ ಆ ನೆಲ ಪಿತ್ರಾರ್ಜಿತವಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. 1838ರಲ್ಲಿ ಬಯೋನೆಟ್ಟಿನ ಮೊನೆಯಲ್ಲಿ ಪಶ್ಚಿಮಕ್ಕೆ ಅಟ್ಟಲ್ಪಟ್ಟ ಚೆರೋಕಿ ಜನರ ನೆಲವದು. ಅವರ ಮುಖ್ಯಸ್ಥ ಜಾನ್ ರಾಸನ ಮನೆ ರಣಭೂಮಿಗೆ ಕೆಲವೇ ಮೈಲಿ ದೂರದ ರಾಸ್‌ವಿಲ್‌ನಲ್ಲಿ ಇನ್ನೂ ನಿಂತಿದೆ. ಮುಂದೆ ಇಲ್ಲಿ ಸ್ಮಾರಕ ಉದ್ಯಾನ ಕಟ್ಟಿದವರಿಗೆ ಆ ಕಥೆ ಬೇಕಾಗಿರಲಿಲ್ಲ.

ಬಾಯ್ಂಟನ್ನನಿಗೆ ಬೇಕಾಗಿದ್ದುದೇನೆಂಬುದು ಅವನ ಪತ್ರಿಕಾ ಲೇಖನಗಳಲ್ಲಿ ಸ್ಪಷ್ಟವಾಗಿದೆ. ಗೆಟಿಸ್‌ಬರ್ಗಿನಲ್ಲಿ 1864ರಿಂದಲೇ ಒಂದು ಸ್ಮಾರಕ ಸಂಘವಿತ್ತು. ಆದರೆ ಅದು ಗುರುತಿಸಿದ್ದು ಉತ್ತರದ ಸಾಲುಗಳನ್ನು ಮಾತ್ರ. ಊರೆಲ್ಲ ಉತ್ತರದ ರೆಜಿಮೆಂಟುಗಳ ಕಲ್ಲುಗಳು. ದಕ್ಷಿಣದವರ ನೆನಪಿಗೆ ಒಂದೆರಡಿದ್ದರೆ ಹೆಚ್ಚು. ನೋಡಹೋದವನಿಗೆ ಅಲ್ಲೊಂದು ಸೈನ್ಯ ಗಾಳಿಯೊಡನೆ ಹೊಡೆದಾಡಿದಂತೆ ತೋರುತ್ತಿತ್ತು. ಚಿಕಮಾಗಾ ಹಾಗಾಗಬಾರದು, ಎದುರು ನಿಂತವರೂ ಬರಬೇಕು, ತಾವು ನಿಂತ ಜಾಗವನ್ನು ತಾವೇ ತೋರಿಸಬೇಕು, ಇಬ್ಬರ ಸಾಲುಗಳನ್ನೂ ಒಂದೇ ಅಳತೆಗೋಲಿನಿಂದ ಅಳೆದು ನಿಲ್ಲಿಸಬೇಕು ಎಂಬುದು ಅವನ ವಾದ. ಈ ಮನುಷ್ಯ ಮೃದುಸ್ವಭಾವದವನೇನಲ್ಲ. ತನ್ನ ಪಕ್ಷದ ಮಹಾಸೇನಾನಿ ಶರ್ಮನ್ 1875ರಲ್ಲಿ ಆತ್ಮಚರಿತ್ರೆ ಹೊರತಂದಾಗ, ಸರ್ಕಾರಿ ದಾಖಲೆಗಳನ್ನು ಎದುರಿಟ್ಟುಕೊಂಡು ಅದರ ತಪ್ಪುಗಳನ್ನು ಹೆಕ್ಕಿ ತೆಗೆದು ಇಡೀ ಗ್ರಂಥವನ್ನೇ ಬರೆದ ಜಗಳಗಂಟ. ಸ್ನೇಹಕ್ಕಿಂತ ನಿಖರತೆಯೇ ಅವನಿಗೆ ಪ್ರಿಯ. ಶತ್ರುವಿನ ಸಾಲನ್ನು ಬಿಟ್ಟು ಬರೆದ ಯುದ್ಧದ ನಕ್ಷೆ ಸುಳ್ಳು ನಕ್ಷೆ ಎಂಬ ಹಟದಿಂದಲೇ ಅವನು ಶತ್ರುವಿನ ಬಾಗಿಲು ತಟ್ಟಿದನೆಂದು ನನಗೆ ತೋರುತ್ತದೆ. ಆ ಕಾಲದ ಭಾಷಣಕಾರರು ಭ್ರಾತೃಭಾವ ಭ್ರಾತೃಭಾವ ಎಂದು ಹಾಡಿ ಹೊಗಳಿದ್ದು ಅನಂತರದ ಸಂಗತಿ.

ಚಿಕಮಾಗಾದಲ್ಲಿ ಕಾದಿದ್ದ ಉತ್ತರದ ಕಂಬರ್ಲೆಂಡ್ ಸೇನೆಯ ನಿವೃತ್ತರ ಸಂಘವು 1888ರಲ್ಲೇ ಒಂದು ಸಮಿತಿ ನೇಮಿಸಿತು. 1889ರ ಫೆಬ್ರವರಿಯಲ್ಲಿ ವಾಷಿಂಗ್ಟನ್ನಿನಲ್ಲಿ ಉಭಯ ಪಕ್ಷದ ಹಳಬರು ಒಂದೇ ಮೇಜಿನ ಸುತ್ತ ಕುಳಿತರು. ದಕ್ಷಿಣದ ಅನೇಕ ಸೇನಾನಿಗಳು ಅಷ್ಟರಲ್ಲಿ ಶಾಸನಸಭೆಗಳ ಸದಸ್ಯರಾಗಿದ್ದರು, ಹಾಗಾಗಿ ಕರೆಯುವುದು ಕಷ್ಟವಾಗಲಿಲ್ಲ. ಸೆಪ್ಟೆಂಬರ್ ಬಂದಾಗ, ಕಾಳಗದ ವಾರ್ಷಿಕ ದಿನಕ್ಕೆ ಸರಿಯಾಗಿ, ಚಾಟನೂಗಾದಲ್ಲಿ ಸೇರೋಣವೆಂದು ಗೊತ್ತುಮಾಡಿದರು.

ಆ ಸೆಪ್ಟೆಂಬರ್ 20ರಂದು ರಣಭೂಮಿಯ ಪಕ್ಕದ ಕ್ರಾಫಿಶ್ ಸ್ಪ್ರಿಂಗ್ಸ್ ಎಂಬ ಒರತೆಯ ಬಳಿ ನಡೆದ ಸಂತರ್ಪಣೆಯನ್ನು ಆ ಸೀಮೆಯವರು ಬಹುಕಾಲ ನೆನೆದರು. 1863ರಲ್ಲಿ ಅದೇ ಒರತೆಯ ಸುತ್ತ ಉತ್ತರದವರ ಆಸ್ಪತ್ರೆ ಡೇರೆಗಳಿದ್ದವು. ನೀರಿಲ್ಲದ ಆ ಒಣಕಾಡಿನಲ್ಲಿ ಗಾಯಾಳುಗಳಿಗೆ ಸಿಕ್ಕ ನೀರು ಅದೊಂದೇ ಎಂಬಂತಿತ್ತು. ಈಗ ಅಲ್ಲಿ ಸಾವಿರಾರು ಜನರಿಗೆ ಕೆಂಡದ ಮೇಲೆ ಮಾಂಸ ಬೇಯುತ್ತಿತ್ತು, ರಣಭೂಮಿಯ ಮರದಿಂದ ಕೊರೆದ ಧೂಮಪಾನದ ಕೊಳವೆಗಳನ್ನು ಶಾಂತಿಯ ಗುರುತಾಗಿ ಹಂಚಿದರು. ಸಭೆಗೆ ಬಂದವರಲ್ಲಿ ರೋಸ್‌ಕ್ರಾನ್ಸನೂ ಇದ್ದ. ಈ ನೆಲ ಆತನ ಕೀರ್ತಿಯ ಸಮಾಧಿ. ಚಿಕಮಾಗಾದ ಸೋಲಿನ ಒಂದು ತಿಂಗಳೊಳಗೆ ಅವನ ಅಧಿಕಾರ ಕಿತ್ತುಕೊಂಡಿದ್ದರು. ಈಗ ಎಪ್ಪತ್ತರ ಹಣ್ಣು ಮುದುಕ, ಖಜಾನೆ ಇಲಾಖೆಯ ಅಧಿಕಾರಿ. ಹೊಡೆದಾಡಿದವರು ಹೀಗೆ ಕೂಡಿ ಉಂಡ ನಿದರ್ಶನ ಚರಿತ್ರೆಯಲ್ಲಿ ಸಿಗುವುದು ಅಪರೂಪ ಎಂಬರ್ಥದ ಮಾತನ್ನಾಡಿದ. ಉತ್ತರವಾಗಿ ಎದ್ದವನು ಜಾರ್ಜಿಯಾದ ಗವರ್ನರ್ ಜಾನ್ ಗಾರ್ಡನ್, ದಕ್ಷಿಣದ ಸೇನೆಯಲ್ಲಿ ಕಾದಿ ಮುಖದಲ್ಲೇ ಗಾಯದ ಗುರುತು ಹೊತ್ತ ವಾಗ್ಮಿ. ಚಿಕಮಾಗಾ ಸ್ಮಾರಕ ಸಂಘ ಅಲ್ಲಿ ವಿಧಿವತ್ತಾಗಿ ಸ್ಥಾಪನೆಯಾಯಿತು. ಅಧ್ಯಕ್ಷನಾದವನು ಉತ್ತರದ ಜಾನ್ ವೈಲ್ಡರ್, ಉಪಾಧ್ಯಕ್ಷನಾದವನು ದಕ್ಷಿಣದ ಅಶ್ವಸೇನಾನಿ ಜೋಸೆಫ್ ವೀಲರ್.

ವೈಲ್ಡರನ ವಿಷಯ ಎರಡು ಮಾತು ಬೇಕು. ಆತನ ಬ್ರಿಗೇಡ್ ಕುದುರೆಯ ಮೇಲೆ ಬಂದು ಇಳಿದು ಕಾದುವ ಪದಾತಿ. ಒಂದರ ಹಿಂದೊಂದು ಏಳು ಗುಂಡು ಉಗುಳುವ ಸ್ಪೆನ್ಸರ್ ಕೋವಿಗಳನ್ನು ಹಿಡಿದು ಚಿಕಮಾಗಾದಲ್ಲಿ ದಕ್ಷಿಣದವರನ್ನು ಬೆರಗುಗೊಳಿಸಿತ್ತು. ಯುದ್ಧ ಮುಗಿದ ಮೇಲೆ ಅವನು ಊರಿಗೆ ಮರಳಿ ಉಳಿಯಲಿಲ್ಲ. ಕುದುರೆಯ ಮೇಲೆ ಹಾದುಹೋಗುವಾಗ ಟೆನಸಿಯ ಬೆಟ್ಟಗಳಲ್ಲಿ ಕಂಡ ಕಬ್ಬಿಣದ ಅದಿರು ಅವನನ್ನು ಎಳೆದಿತ್ತು. ಬಂದು ಕುಲುಮೆ ಹಾಕಿ, ತಾನು ತೋಪಿನ ಬಾಯಿಗೆ ಒಡ್ಡಿದ್ದ ಚಾಟನೂಗಾ ಊರಿಗೇ 1871ರಲ್ಲಿ ಮೇಯರ್ ಆದ. ಇಂಥವರ ಕೈಯಲ್ಲಿ ಉದ್ಯಾನವೆಂದರೆ ಪುಣ್ಯಕಾರ್ಯವೂ ಹೌದು, ಊರಿಗೆ ರೈಲುಗಟ್ಟಲೆ ಯಾತ್ರಿಕರನ್ನು ತರುವ ವ್ಯವಹಾರವೂ ಹೌದು. ಇದರಲ್ಲಿ ತಪ್ಪೇನೂ ಕಾಣದು. ವರ್ತಕರ ಒತ್ತಾಸೆ ಇಲ್ಲದೆ ದೊಡ್ಡ ಸ್ಮಾರಕಗಳು ಏಳುವುದು ಕಡಮೆ.

ಚಂದಾ ಎತ್ತಿ ನೆಲ ಕೊಳ್ಳುವುದು ತಮ್ಮಿಂದಾಗದೆಂದು ಬಾಯ್ಂಟನ್ ಬೇಗ ಅರಿತ. ರಾಷ್ಟ್ರವೇ ಕೊಳ್ಳಲಿ ಎಂದು ಮಸೂದೆ ಬರೆದ. ಓಹಾಯೋದ ಪ್ರತಿನಿಧಿ ಚಾರ್ಲ್ಸ್ ಗ್ರೋವನರ್ 1890ರ ಮೇ ತಿಂಗಳಲ್ಲಿ ಅದನ್ನು ಸಭೆಯ ಮುಂದಿಟ್ಟ. ಅವನೂ ಹಳೆಯ ಸಿಪಾಯಿಯೇ. ಎರಡೂ ಪಕ್ಷದ ಬೆಂಚುಗಳಲ್ಲಿ ಅಂದು ಕುಳಿತಿದ್ದವರಲ್ಲಿ ಯುದ್ಧ ಕಂಡವರೇ ಬಹಳ. ಕೆಳಮನೆ 23 ನಿಮಿಷಗಳಲ್ಲಿಯೂ ಸೆನೆಟ್ 20 ನಿಮಿಷಗಳಲ್ಲಿಯೂ ಅದನ್ನು ಅಂಗೀಕರಿಸಿದವು. ಆಮದು ಸುಂಕಕ್ಕೋ ಬೆಳ್ಳಿಯ ನಾಣ್ಯಕ್ಕೋ ತಿಂಗಳುಗಟ್ಟಲೆ ಕಚ್ಚಾಡುತ್ತಿದ್ದ ಸಭೆಗಳವು. ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್, ತಾನೂ ಕಂಬರ್ಲೆಂಡ್ ಸೇನೆಯಲ್ಲಿ ಸೇವೆ ಸಲ್ಲಿಸಿದವನು, 1890ರ ಆಗಸ್ಟ್ 19ರಂದು ಸಹಿ ಹಾಕಿದ. ಹೀಗೆ ಅಮೆರಿಕದ ಮೊದಲ ರಾಷ್ಟ್ರೀಯ ಸೇನಾ ಉದ್ಯಾನ ಹುಟ್ಟಿತು.

ಆ ಶಾಸನವನ್ನು ಓದಿದರೆ ಹಳೆಯ ಸೇನಾನಿಗಳ ಮನಸ್ಸು ತಿಳಿಯುತ್ತದೆ. ಹೂದೋಟ, ಕಾರಂಜಿ, ವಿಹಾರದ ಹಾದಿ ಇವುಗಳ ಮಾತೇ ಅಲ್ಲಿಲ್ಲ. ಯುದ್ಧಶಾಸ್ತ್ರದ ಮತ್ತು ಚರಿತ್ರೆಯ ಅಧ್ಯಯನಕ್ಕಾಗಿ ರಣಭೂಮಿಯನ್ನು ಕಾಯ್ದಿಡುವುದು ಉದ್ದೇಶ. ಸುಮಾರು 7,600 ಎಕರೆ ನೆಲದ ಮೇರೆ ಗೊತ್ತುಮಾಡಿ, ಮೊದಲ ಖರ್ಚಿಗೆ 1,25,000 ಡಾಲರ್ ಕೊಟ್ಟರು. ಒಕ್ಕಲುಗಳನ್ನು ಎಬ್ಬಿಸಿ ಅಟ್ಟಬೇಕೆಂದಿರಲಿಲ್ಲ; ಮನೆ, ದಾರಿ, ಹೊಲದ ಅಂಚು, ಕಾಡಿನ ಅಂಚು ಇದ್ದಂತೆಯೇ ಉಳಿಸುವುದಾದರೆ ಅವರು ಗೇಣಿದಾರರಾಗಿ ಇರಬಹುದೆಂಬ ಕಟ್ಟಳೆ. ಮರ ಕಡಿದರೆ, ಗುರುತು ಕೆಡಿಸಿದರೆ 5ರಿಂದ 50 ಡಾಲರ್ ದಂಡ. ಅದರಲ್ಲಿ ಅರ್ಧ ಉದ್ಯಾನಕ್ಕೆ, ಅರ್ಧ ಸುಳಿವು ಕೊಟ್ಟವನಿಗೆ. ಹಳ್ಳಿಯ ಜನರ ಕಣ್ಣನ್ನೇ ಕಾವಲಿಗೆ ಹಚ್ಚುವ ಜಾಣತನವಿದು.

ಕೆಲಸ ನಡೆಸಲು ಮೂವರ ಆಯೋಗ. ಅಧ್ಯಕ್ಷ ಜೋಸೆಫ್ ಫುಲ್ಲರ್ಟನ್: ಎರಡನೆಯ ದಿನದ ಮಧ್ಯಾಹ್ನ ಥಾಮಸನ ನೆರವಿಗೆ ಓಡಿಬಂದ ಮೀಸಲು ಪಡೆಯಲ್ಲಿ ದಳಪತಿಯ ಬಲಗೈಯಾಗಿದ್ದವನು. ಎರಡನೆಯವನು ಅಲೆಕ್ಸಾಂಡರ್ ಸ್ಟೂವರ್ಟ್: ಮೊದಲ ದಿನ ಉತ್ತರದ ನಡುಸಾಲನ್ನು ಸೀಳಿಕೊಂಡು ನುಗ್ಗಿದ ದಕ್ಷಿಣದ ಡಿವಿಜನ್ನಿನ ನಾಯಕ, ಮುಂದೆ ಮಿಸಿಸಿಪಿ ವಿಶ್ವವಿದ್ಯಾಲಯದ ಮುಖ್ಯಸ್ಥನಾಗಿದ್ದ ಗಣಿತದ ಮೇಷ್ಟ್ರು. ಎಪ್ಪತ್ತರ ಅಂಚಿನಲ್ಲಿದ್ದ ಆತ ಆ ಜಾಗದಲ್ಲೇ ಮನೆ ಮಾಡಿ ಕೂಲಿಗಳ ಮೇಲ್ವಿಚಾರಣೆ ನಡೆಸಿದ. ಕಾರ್ಯದರ್ಶಿಯೂ ನಕ್ಷೆಗಳ ಹೊಣೆಗಾರನೂ ಆದ ಮೂರನೆಯವನೇ ಸ್ಯಾನ್‌ಫರ್ಡ್ ಕೆಲಾಗ್. ಇಲ್ಲದ ಬಿರುಕನ್ನು ಕಂಡಿದ್ದ ಅದೇ ಕೆಲಾಗ್. ಯಾವ ದಂಡು ಎಲ್ಲಿತ್ತು, ಎಷ್ಟು ಹೊತ್ತಿಗಿತ್ತು ಎಂಬುದನ್ನು ಅಂಗುಲ ಅಂಗುಲವಾಗಿ ಅಳೆಯುವ ಕಾರ್ಯ ಇಪ್ಪತ್ತೇಳು ವರ್ಷಗಳ ಬಳಿಕ ಅವನ ಪಾಲಿಗೆ ಬಂದದ್ದನ್ನು ಕವಿ ಕಲ್ಪಿಸಿದ್ದರೆ ನಾವು ನಂಬುತ್ತಿರಲಿಲ್ಲ. ಬಾಯ್ಂಟನ್ ಇತಿಹಾಸಕಾರನ ಪದವಿ ಪಡೆದು ಎಲ್ಲಕ್ಕೂ ಸೂತ್ರಧಾರನಾದ. ಎಂಜಿನಿಯರ್ ಎಡ್ವರ್ಡ್ ಬೆಟ್ಸ್ ಭೂಮಿಯ ಮೋಜಣಿ ಮಾಡಿದ.

ಮೊದಲ ತೊಡಕು ಕಾಡಿನದೇ. 1863ರಲ್ಲಿ ದನ ಹಂದಿಗಳು ಮೇದು ಮರಗಳ ಅಡಿ ಬಯಲಾಗಿತ್ತು; ಸಿಪಾಯಿಗಳು ಕೊಂಚ ದೂರವಾದರೂ ಕಾಣುತ್ತಿದ್ದರು. ಈಗ ಪೊದೆ ಕವಿದು, ಬಂದ ಹಳಬರಿಗೆ ತಾವು ನಿಂತ ಜಾಗವೇ ಗುರುತು ಹತ್ತಲೊಲ್ಲದು. ಸಾವಿರಾರು ಎಕರೆಯ ಪೊದೆ ಕಡಿಸಿದರು. ಯುದ್ಧಾನಂತರ ಬೆಳೆದ ಮರಗಳನ್ನು ತೆಗೆಸಿ ಹಳೆಯ ಹೊಲಗಳನ್ನು ಹೊಲಗಳಾಗಿಸಿದರು. ಅನಂತರ ಎರಡೂ ಕಡೆಯ ನಿವೃತ್ತರಿಗೆ ಕಾಗದ ಬರೆದು ಕರೆಸಿ, ಕಾಡಿನಲ್ಲಿ ನಡೆಸಿ, ಮೊಳೆ ಹೊಡೆಸಿ, ಸರ್ಕಾರಿ ವರದಿಗಳೊಡನೆ ತಾಳೆ ನೋಡಿದರು. ಮುದುಕರ ನೆನಪಿಗೂ ಕಾಗದದ ನೆನಪಿಗೂ ಜಗಳ ಹತ್ತಿತು. ಸ್ನಾಡ್‌ಗ್ರಾಸ್ ಗುಡ್ಡದ ಮೇಲೆ ತಾವೇ ಕೊನೆಯವರೆಗೆ ನಿಂತವರೆಂದು ಹೇಳಿಕೊಳ್ಳದ ರೆಜಿಮೆಂಟಿಲ್ಲ. ಎಲ್ಲರನ್ನೂ ನಂಬಿದರೆ ಆ ಗುಡ್ಡ ಅಷ್ಟು ಜನರನ್ನು ಹೊರಲಾರದು. ರಷ್ಯಾದಿಂದ ಬಂದು ಉತ್ತರದ ಸೇನಾನಿಯಾಗಿದ್ದ ಜಾನ್ ತುರ್ಚಿನ್ ಮಿಷನರಿ ರಿಜ್ ಮೇಲೆ ತನ್ನ ಬ್ರಿಗೇಡಿನ ಜಾಗದ ಬಗ್ಗೆ ಬಾಯ್ಂಟನ್ನನೊಡನೆ ಪತ್ರಿಕೆಗಳಲ್ಲೇ ಕಾದಿದ. ಗುಂಡಿನ ಕಾಳಗ ಎರಡು ದಿನದ್ದು. ಕಲ್ಲು ನೆಡುವ ಕಾಳಗ ಇಪ್ಪತ್ತು ವರ್ಷ ನಡೆಯಿತು.

ಕಲ್ಲಿನ ಮೇಲೆ ಬರೆಯಬೇಕಾದುದಕ್ಕೂ ಕಟ್ಟಳೆ ಮಾಡಿದರು. ಪ್ರತಿ ರಾಜ್ಯವೂ ತನ್ನ ದಂಡುಗಳಿಗೆ ಸ್ಮಾರಕ ನಿಲ್ಲಿಸಬಹುದು. ಆದರೆ ಕೆತ್ತನೆಯ ಪಾಠ ಯುದ್ಧ ಇಲಾಖೆಯ ಒಪ್ಪಿಗೆ ಪಡೆಯಬೇಕು. ಅದು ಚಾರಿತ್ರಿಕವಾಗಿ ಸರಿಯಿರಬೇಕು. ಹೊಗಳಿಕೆ, ನಿಂದೆ, ರಾಜಕೀಯದ ಕೂಗು ಕೂಡದು. ಸರ್ಕಾರವೇ ನೆಟ್ಟ ಎರಕದ ಫಲಕಗಳಲ್ಲಿ ಉತ್ತರದವಕ್ಕೆ ನೀಲಿ ಅಂಚು, ದಕ್ಷಿಣದವಕ್ಕೆ ಕೆಂಪು ಅಂಚು. ವಾಕ್ಯಗಳು ಮಾತ್ರ ಒಂದೇ ಒಣ ಧಾಟಿಯವು. ಇಷ್ಟು ಗಂಟೆಗೆ ಈ ಬ್ರಿಗೇಡ್ ಇಲ್ಲಿಗೆ ಬಂತು, ಇಂಥವರೊಡನೆ ಕಾದಿತು, ಇಷ್ಟು ಜನರನ್ನು ಕಳೆದುಕೊಂಡಿತು, ಇಷ್ಟು ಗಂಟೆಗೆ ಹಿಂದೆ ಸರಿಯಿತು. ನನಗೆ ಆ ಒಣತನವೇ ಈ ಉದ್ಯಾನದ ಘನತೆಯಾಗಿ ಕಾಣುತ್ತದೆ. ಹಿಂದೆ ಸರಿಯಿತು ಎಂದು ತನ್ನ ದಂಡಿನ ವೀರಗಲ್ಲಿನ ಮೇಲೆ ತಾನೇ ಕೆತ್ತಿಸುವ ಧೈರ್ಯ ಜಗತ್ತಿನ ಎಷ್ಟು ಸೇನೆಗಳಿಗಿತ್ತು?

ಅಲ್ಲಲ್ಲಿ ತೋಪಿನ ಗುಂಡುಗಳನ್ನು ಪಿರಮಿಡ್ಡಿನಂತೆ ಪೇರಿಸಿ ನಿಲ್ಲಿಸಿದ ಎಂಟು ಗುರುತುಗಳಿವೆ. ಆ ನೆಲದಲ್ಲಿ ಬಿದ್ದ ಎಂಟು ಬ್ರಿಗೇಡ್ ನಾಯಕರವು: ನಾಲ್ವರು ಉತ್ತರದವರು, ನಾಲ್ವರು ದಕ್ಷಿಣದವರು. ಉತ್ತರದ ವಿಲಿಯಂ ಲಿಟಲ್ ಕವಿ; ಅವನ ಪದ್ಯಗಳನ್ನು ದಕ್ಷಿಣದ ಅಧಿಕಾರಿಗಳೂ ಓದಿದ್ದರು, ಹೆಣಕ್ಕೆ ಕಾವಲಿಟ್ಟರು. ಹಾನ್ಸ್ ಹೆಗ್ ನಾರ್ವೆಯಿಂದ ವಲಸೆ ಬಂದವನು. ದಕ್ಷಿಣದ ಬೆಂಜಮಿನ್ ಹೆಲ್ಮ್, ಅಧ್ಯಕ್ಷ ಲಿಂಕನ್ನನ ನಾದಿನಿಯ ಗಂಡ. ಷಡ್ಡಕನ ಸಾವಿನ ಸುದ್ದಿ ಕೇಳಿ ಲಿಂಕನ್ ಗದ್ಗದನಾದನೆಂಬುದು ಆ ಕಾಲದವರು ಹೇಳಿಟ್ಟ ಮಾತು. ಕೆಂಟಕಿ ರಾಜ್ಯದ ಮಕ್ಕಳು ಎರಡೂ ಪಕ್ಷದಲ್ಲಿ ಕಾದಿದ್ದರಿಂದ ಆ ರಾಜ್ಯ 1899ರಲ್ಲಿ ಇಬ್ಬರಿಗೂ ಸೇರಿಸಿ ಒಂದೇ ಸ್ತಂಭ ನಿಲ್ಲಿಸಿತು.

ವೈಲ್ಡರನ ಬ್ರಿಗೇಡ್ ತನ್ನ ನಾಯಕನ ನೆನಪಿಗೆ 85 ಅಡಿಯ ಕಲ್ಲಿನ ಗೋಪುರವನ್ನೇ ಎಬ್ಬಿಸಹೊರಟಿತು. 1892ರಲ್ಲಿ ಅಡಿಗಲ್ಲು ಬಿತ್ತು. ಮರುವರ್ಷದ ಆರ್ಥಿಕ ಕುಸಿತದಲ್ಲಿ ಚಂದಾ ಹಣವಿಟ್ಟ ಬ್ಯಾಂಕು ಮುಳುಗಿ ಗೋಪುರ ಅರ್ಧಕ್ಕೆ ನಿಂತು, ಬಹುವರ್ಷಗಳ ಮೇಲೆ ಪೂರ್ತಿಯಾಯಿತು. ಸರ್ಕಾರ ಕಟ್ಟಿದ ಉಕ್ಕಿನ ವೀಕ್ಷಣಾ ಗೋಪುರಗಳು ತುಕ್ಕು ಹಿಡಿದು ಎಂದೋ ಹೋದವು. ವೈಲ್ಡರನದು ಇಂದಿಗೂ ಇದೆ.

1895ರ ಸೆಪ್ಟೆಂಬರ್ 18ರಿಂದ 20ರವರೆಗೆ ಉದ್ಯಾನದ ಪ್ರತಿಷ್ಠಾಪನೆ. ಹತ್ತಾರು ಸಾವಿರ ಜನ ನೆರೆದರು. ಚಾಟನೂಗಾದ ಹೋಟೆಲು ತುಂಬಿ, ಮನೆಗಳ ಜಗಲಿ ತುಂಬಿ, ಬಂದವರು ಡೇರೆಗಳಲ್ಲಿ ಮಲಗಿದರು. ಮೊದಲ ದಿನ ಒಂದೊಂದು ರಾಜ್ಯವೂ ತನ್ನ ತನ್ನ ಕಲ್ಲುಗಳನ್ನು ಒಪ್ಪಿಸಿತು. 19ರಂದು ಸ್ನಾಡ್‌ಗ್ರಾಸ್ ಗುಡ್ಡದ ತಪ್ಪಲಲ್ಲಿ ಮಹಾಸಭೆ. ದೇಶದ ಉಪಾಧ್ಯಕ್ಷ ಅಡ್ಲೈ ಸ್ಟೀವನ್‌ಸನ್ನನ ಅಧ್ಯಕ್ಷತೆ. ಉತ್ತರದ ಪರವಾಗಿ ಜಾನ್ ಪಾಮರ್, ದಕ್ಷಿಣದ ಪರವಾಗಿ ಮತ್ತೆ ಜಾನ್ ಗಾರ್ಡನ್ ಮಾತನಾಡಿದರು. ವ್ಯಾನ್ ಡರ್ವಿಯರ್ ಅದನ್ನು ನೋಡಲು ಉಳಿದಿರಲಿಲ್ಲ, 1892ರಲ್ಲೇ ತೀರಿಕೊಂಡಿದ್ದ.

ಅದೇ ಸೆಪ್ಟೆಂಬರ್ 18ರಂದು, ಅಲ್ಲಿಂದ ನೂರು ಮೈಲಿ ತೆಂಕಣದ ಅಟ್ಲಾಂಟಾ ನಗರದಲ್ಲಿ ಹತ್ತಿಯ ಮಹಾಪ್ರದರ್ಶನ ತೆರೆಯಿತು. ಗುಲಾಮನಾಗಿ ಹುಟ್ಟಿದ ಬೂಕರ್ ಟಿ. ವಾಷಿಂಗ್ಟನ್ ಅಲ್ಲಿ ವೇದಿಕೆಯೇರಿ, ಕಪ್ಪುಜನರು ಸದ್ಯಕ್ಕೆ ಸಾಮಾಜಿಕ ಸಮಾನತೆಯನ್ನು ಕೇಳುವುದಿಲ್ಲ, ದುಡಿಮೆಯ ಅವಕಾಶ ಕೊಡಿ ಎಂಬರ್ಥದ ಭಾಷಣ ಮಾಡಿದ. ದಕ್ಷಿಣದ ರಾಜ್ಯಗಳಲ್ಲಿ ಕಪ್ಪುಜನರ ಮತದಾನದ ಹಕ್ಕು ಒಂದೊಂದಾಗಿ ಕಸಿಯಲ್ಪಡುತ್ತಿದ್ದ ಕಾಲವದು. ಮರುವರ್ಷದ ಮೇ ತಿಂಗಳಲ್ಲಿ ಕಪ್ಪುಜನರಿಗೆ ರೈಲಿನಲ್ಲಿ ಪ್ರತ್ಯೇಕ ಡಬ್ಬಿ ಇಡುವುದನ್ನು ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು. ಚಿಕಮಾಗಾದ ಫಲಕಗಳಲ್ಲಿ ಯಾರು ಎಲ್ಲಿ ನಿಂತರು ಎಂಬುದಿದೆ. ಯಾತಕ್ಕಾಗಿ ನಿಂತರು ಎಂಬುದಿಲ್ಲ. ಆ ಪ್ರಶ್ನೆಯನ್ನು ಎತ್ತದಿರುವುದೇ ಕೂಡಿ ಕೂರುವುದಕ್ಕೆ ಕರಾರಾಗಿತ್ತು. ಹಗೆಗಳಿಬ್ಬರೂ ಕೈಕುಲುಕಿದರು, ಖರ್ಚು ಬಿದ್ದದ್ದು ಮೂರನೆಯವನ ಲೆಕ್ಕಕ್ಕೆ. ಸ್ಟೂವರ್ಟ್ ಗಾರ್ಡನ್ನರ ಸಜ್ಜನಿಕೆಯನ್ನಾಗಲಿ ಬಾಯ್ಂಟನ್ನನ ನಿಷ್ಠೆಯನ್ನಾಗಲಿ ಇದು ಸುಳ್ಳು ಮಾಡುವುದಿಲ್ಲ, ಆದರೆ ಚರಿತ್ರೆ ಬರೆಯುವವನು ಎರಡನ್ನೂ ಒಂದೇ ಪುಟದಲ್ಲಿ ಬರೆಯಬೇಕು.

ಯಾತಕ್ಕಾಗಿ ನಿಂತರೆಂದು ಹೇಳದ ಆ ಮೌನಕ್ಕೆ ಹಳೆಯದೊಂದು ಪ್ರತ್ಯುತ್ತರ ಚಾಟನೂಗಾದಲ್ಲೇ ಇತ್ತು. 1863ರ ಕ್ರಿಸ್ಮಸ್ ದಿನ ಥಾಮಸ್ ಅಲ್ಲಿ ರುದ್ರಭೂಮಿಯೊಂದನ್ನು ಸ್ಥಾಪಿಸಲು ಆಜ್ಞೆ ಹೊರಡಿಸಿದ್ದ. ಸತ್ತವರನ್ನು ರಾಜ್ಯವಾರು ಹೂಳಬೇಕೇ ಎಂದು ಪಾದ್ರಿ ಕೇಳಿದಾಗ, ರಾಜ್ಯಗಳ ಹಕ್ಕಿನ ಮಾತು ಕೇಳಿ ಕೇಳಿ ಸಾಕಾಗಿದೆ, ಎಲ್ಲರನ್ನೂ ಬೆರೆಸಿಬಿಡಿ ಎಂದನಂತೆ. ವರ್ಜೀನಿಯಾದಲ್ಲಿ ಹುಟ್ಟಿ, ದಕ್ಷಿಣದವನಾಗಿಯೂ ಒಕ್ಕೂಟವನ್ನು ಬಿಡದ ಥಾಮಸನಿಗೆ ಹಾಗನ್ನುವ ಅಧಿಕಾರವಿತ್ತು. ಒಕ್ಕೂಟದ ಪರವಾಗಿ ಕೋವಿ ಹಿಡಿದ ಕಪ್ಪು ಸಿಪಾಯಿಗಳ ಸಮಾಧಿಗಳೂ ಆ ರುದ್ರಭೂಮಿಯಲ್ಲಿವೆ.

ಮುಂದಿನ ಕಥೆ ಉದ್ಯಾನದ ಸ್ಥಾಪಕರು ಊಹಿಸಿರಲಾರದ್ದು. 1898ರಲ್ಲಿ ಸ್ಪೇನಿನೊಡನೆ ಯುದ್ಧ ಹತ್ತಿದಾಗ ಸೇನೆ ಚಿಕಮಾಗಾದ ಬಯಲಿಗೇ ಬಂತು. ಥಾಮಸನ ಹೆಸರಿನಲ್ಲೇ ಶಿಬಿರ. ಮೊದಲು ಬಂದ ದಂಡುಗಳಲ್ಲಿ 10ನೆಯ ಅಶ್ವದಳ, 25ನೆಯ ಪದಾತಿದಳ ಇದ್ದವು, ಅವು ಕಪ್ಪು ಸಿಪಾಯಿಗಳ ದಳಗಳು. ಅನಂತರ ಸ್ವಯಂಸೇವಕರು ಸಾವಿರ ಸಾವಿರವಾಗಿ ಕವಿದರು. ನೆಲ ಆಳವಿಲ್ಲದ ಕಲ್ಲುನೆಲ, ಶೌಚದ ಗುಂಡಿ ತೋಡಲಾಗದು. ಮಳೆ ಬಂತು, ನೊಣ ಮುತ್ತಿತು, ವಿಷಮಶೀತ ಜ್ವರ ಹಬ್ಬಿತು. ಶತ್ರುವಿನ ಮುಖವನ್ನೇ ಕಾಣದ ನೂರಾರು ಹುಡುಗರು ಸ್ಮಾರಕಗಳ ನಡುವೆ ಸತ್ತರು. ಸೇನಾ ವೈದ್ಯ ವಾಲ್ಟರ್ ರೀಡ್ ಮತ್ತು ಅವನ ಇಬ್ಬರು ಜೊತೆಗಾರ ವೈದ್ಯರು ಬಂದು ತನಿಖೆ ನಡೆಸಿ, ರೋಗ ಮನುಷ್ಯನಿಂದ ಮನುಷ್ಯನಿಗೆ, ಕೊಳಕಿನಿಂದ ಮತ್ತು ನೊಣದಿಂದ ಹರಡುತ್ತದೆಂದು ಸಾಧಿಸಿದರು. ಮತ್ತೆ ಸಮವಸ್ತ್ರ ತೊಟ್ಟು ಬಂದಿದ್ದ ಬಾಯ್ಂಟನ್ ಮಾತ್ರ ತನ್ನ ಉದ್ಯಾನದ ನೀರಿಗೂ ನೆಲಕ್ಕೂ ದೋಷವಿಲ್ಲವೆಂದು ವಾದಿಸುತ್ತಲೇ ಇದ್ದ. ಫುಲ್ಲರ್ಟನ್ 1897ರಲ್ಲಿ ರೈಲು ಅಪಘಾತದಲ್ಲಿ ಸತ್ತ ಬಳಿಕ ಆಯೋಗದ ಅಧ್ಯಕ್ಷತೆ ಬಾಯ್ಂಟನ್ನನಿಗೇ ಬಂದಿತ್ತು. 1905ರಲ್ಲಿ ಸಾಯುವವರೆಗೂ ಬಿಡಲಿಲ್ಲ. ಸ್ಟೂವರ್ಟ್ 1908ರವರೆಗೆ ಬದುಕಿದ.

1890ರ ಶಾಸನವೇ ಮಾದರಿಯಾಗಿ 1894ರಲ್ಲಿ ಶೈಲೋ, 1895ರಲ್ಲಿ ಗೆಟಿಸ್‌ಬರ್ಗ್, 1899ರಲ್ಲಿ ವಿಕ್ಸ್‌ಬರ್ಗ್ ಸೇನಾ ಉದ್ಯಾನಗಳಾದವು. ಅಂದರೆ ಯಾವ ಗೆಟಿಸ್‌ಬರ್ಗನ್ನು ನೋಡಿ ಬಾಯ್ಂಟನ್ ಆಸೆಪಟ್ಟನೋ ಅದೇ ಗೆಟಿಸ್‌ಬರ್ಗ್ ಕಡೆಗೆ ಚಿಕಮಾಗಾದ ದಾರಿ ಹಿಡಿದು ಎರಡೂ ಕಡೆಯ ಸಾಲುಗಳನ್ನು ಗುರುತಿಸತೊಡಗಿತು. 1933ರಲ್ಲಿ ಇವೆಲ್ಲ ಯುದ್ಧ ಇಲಾಖೆಯಿಂದ ರಾಷ್ಟ್ರೀಯ ಉದ್ಯಾನ ಸೇವೆಯ ಕೈಗೆ ಬಂದವು. ಇಂದು ಚಿಕಮಾಗಾ ಮತ್ತು ಚಾಟನೂಗಾ ಸೇರಿ ಸ್ಮಾರಕ, ಫಲಕ, ಗುರುತುಗಳು ಸುಮಾರು 1,400.

ಅಟ್ಲಾಂಟಾ ಸುತ್ತ ನೆಲೆಸಿರುವ ನಮ್ಮ ಕನ್ನಡದ ಕುಟುಂಬಗಳಿಗೆ ಅದು ಎರಡು ಗಂಟೆಯ ದಾರಿ. ಹೋದರೆ ಬ್ರದರ್ಟನ್ ಹೊಲದ ಅಂಚಿನಲ್ಲಿ ನೀಲಿ ಫಲಕವನ್ನೂ ಕೆಂಪು ಫಲಕವನ್ನೂ ಒಂದಾದ ಮೇಲೊಂದು ಓದಿ. ಮರಳುವ ಮುನ್ನ ಹತ್ತು ಮೈಲಿ ಬಡಗಣಕ್ಕೆ, ಥಾಮಸ್ ಸ್ಥಾಪಿಸಿದ ರುದ್ರಭೂಮಿಗೂ ಹೋಗಿ, ಕಪ್ಪು ಸಿಪಾಯಿಗಳ ದಳಗಳ ಗುರುತಾದ ಯು.ಎಸ್.ಸಿ.ಟಿ. ಎಂಬ ಅಕ್ಷರಗಳನ್ನು ಕೆತ್ತಿದ ಕಲ್ಲುಗಳನ್ನು ಹುಡುಕಿ ನೋಡಿ. ಒಂದನ್ನೇ ನೋಡಿ ಬಂದರೆ ಆ ಯುದ್ಧದ ಅರ್ಧವನ್ನಷ್ಟೇ ನೋಡಿದಂತಾಗುತ್ತದೆ.